ಸೈಕಲ್ ಬಾಕ್ಸು, ಗಾಲ್ಫ್ ಬ್ಯಾಗು, ಬಿಲ್ಲು ಬಾಣ: ಏರ್‌ಲೈನ್ ಜೊತೆ ಜಗಳ ಬಂದ್ರೆ ಏನ್ ಮಾಡ್ಬೇಕು

ಬೆಂಗಳೂರಿಂದ ರೇಸು, ಟೂರ್ನಮೆಂಟು ಅಂತ ಫ್ಲೈಟ್ ಹತ್ತೋರು ಈಗ ಜಾಸ್ತಿ ಆಗಿದಾರೆ. ಟ್ರಯಥ್ಲಾನ್‌ನೋರು, ಆರ್ಚರಿ ಹುಡುಗ್ರು, ಗಾಲ್ಫ್ ಆಡೋ ಅಂಕಲ್‌ಗಳು, ಸ್ಕೂಬಾಗೆ ಅಂತ ಅಂಡಮಾನ್‌ಗೆ ಹೊರಟೋರು, ಹೀಗಾಗಿ ದೇವನಹಳ್ಳಿ ಏರ್‌ಪೋರ್ಟ್‌ಗೆ ಯಾವಾಗ ಹೋದ್ರೂ ಆಳುದ್ದದ ಬಾಕ್ಸ್ ಪಕ್ಕದಲ್ಲಿ ನಿಲ್ಲಿಸ್ಕೊಂಡು ಕೌಂಟರ್‌ನೋರ ಜೊತೆ ವಾದ ಮಾಡ್ತಿರೋರು ಒಬ್ರಾದ್ರೂ ಸಿಗ್ತಾರೆ. ಬಹಳಷ್ಟು ಸಲ ನ್ಯಾಯ ಅವ್ರ ಕಡೆನೇ ಇರುತ್ತೆ, ಕೈಯಲ್ಲಿ ಕಾಗದ ಇರಲ್ಲ ಅಷ್ಟೇ. ಏರ್‌ಲೈನ್ ಜೊತೆ ಜಗಳ ಗೆಲ್ಲೋದು ಗಂಟಲಿಂದ ಅಲ್ಲ, ಯಾವ ಹೊತ್ತಲ್ಲಿ ಯಾವ ಕಾಗದ ಮಾಡಿಸ್ಕೊಂಡ್ರಿ ಅನ್ನೋದ್ರಿಂದ. ಅದನ್ನೇ ಇಲ್ಲಿ ಬುಕಿಂಗ್‌ನಿಂದ ಹಿಡಿದು ಗ್ರಾಹಕ ಆಯೋಗದ ತನಕ ಬರೆದಿದೀನಿ. ನಾನು ಸೈಕಲ್ಲಿನೋನು, ಉದಾಹರಣೆ ಅಲ್ಲಿಂದನೇ ಜಾಸ್ತಿ ಬರುತ್ತೆ, ಉಳಿದೋರು ನಿಮ್ಮ ನಿಮ್ಮ ಸಾಮಾನಿಗೆ ಹೊಂದಿಸ್ಕೊಳ್ಳಿ. ಶೂಟಿಂಗ್‌ನೋರ ರೈಫಲ್ಲು, ಕಾಟ್ರಿಜ್ಜು ಬೇರೆ ಲೋಕ, ಲೈಸೆನ್ಸು ಪರ್ಮಿಷನ್ನು ಅಂತ ಅದಕ್ಕೇ ಒಂದು ಪುರಾಣ ಆಗುತ್ತೆ, ಇಲ್ಲಿ ಮುಟ್ಟಲ್ಲ.

ಮೊದಲು ನಿಮ್ಮ ಜಗಳ ಯಾವ್ದು ಅಂತ ಗೊತ್ತಿರಲಿ. ಒಂದು ದುಡ್ಡಿಂದು, ಆನ್‌ಲೈನ್‌ನಲ್ಲಿ ಒಂದು ರೇಟು ಕೌಂಟರ್‌ನಲ್ಲಿ ಇನ್ನೊಂದು, ಇಲ್ಲಾ ಕಟ್ಟಿದ್ದನ್ನೇ ಮತ್ತೆ ಕಟ್ಟಿ ಅನ್ನೋದು. ಇನ್ನೊಂದು ಸಾಮಾನು ತಗೊಳ್ಳಲ್ಲ ಅನ್ನೋದು. ಮೂರನೇದು ಮುರಿದಿದ್ದು, ಕಳೆದಿದ್ದು, ರೇಸ್ ಮುಗಿದ್ಮೇಲೆ ಬಂದಿದ್ದು. ಮೂರಕ್ಕೂ ನಿಯಮ ಬೇರೆ, ಮಾತಾಡ್ಬೇಕಾದ ಜನ ಬೇರೆ, ಎಲ್ಲಾ ಒಂದೇ ಮೇಲ್‌ನಲ್ಲಿ ತುರುಕಿ ಕಳ್ಸಿದ್ರೆ ಅವ್ರು ತಮಗೆ ಅನುಕೂಲ ಆಗಿರೋ ಒಂದಕ್ಕೆ ಮಾತ್ರ ಉತ್ತರ ಕೊಟ್ಟು ಫೈಲ್ ಕ್ಲೋಸ್ ಮಾಡ್ತಾರೆ.

ಟಿಕೆಟ್ ತಗೊಳ್ಳೋಕೆ ಮುಂಚೆ

ರೇಟ್ ನೋಡೋಕೆ ಮೊದ್ಲು ವಿಮಾನ ಯಾವ್ದು ನೋಡಿ. ಬೆಂಗಳೂರಿಂದ ಸಣ್ಣ ಊರುಗಳಿಗೆ ಎಟಿಆರ್ ಹಾರಿಸ್ತಾರಲ್ಲ, ರೆಕ್ಕೆ ಮೇಲೆ ಫ್ಯಾನ್ ಇರೋದು, ಅದಕ್ಕೆ ಹೊಟ್ಟೆ ಕೆಳಗೆ ಲಗೇಜ್ ಜಾಗ ಅಂತಾನೇ ಇಲ್ಲ. ಕಾಕ್‌ಪಿಟ್ ಹಿಂದೆ ಒಂಚೂರು, ಬಾಲದ ಕಡೆ ಒಂಚೂರು, ಅಷ್ಟರಲ್ಲೇ ಎಲ್ಲಾರ ಸೂಟ್‌ಕೇಸು ಹೋಗ್ಬೇಕು. ಅಲ್ಲಿ ನಿಮ್ಮ ಸೈಕಲ್ ಬಾಕ್ಸ್ ಹಿಡಿಸಲ್ಲ ಅಂದ್ರೆ ಅದು ಕೌಂಟರ್ ಹುಡುಗಿ ಕೊಬ್ಬಲ್ಲ, ನಿಜವಾಗ್ಲೂ ಹಿಡಿಸಲ್ಲ. ಎ320, 737 ಥರದ ಜೆಟ್‌ಗಳಲ್ಲಿ ಈ ತಾಪತ್ರಯ ಕಮ್ಮಿ. ಕನೆಕ್ಟಿಂಗ್ ಇದ್ರೆ ಎರಡೂ ಫ್ಲೈಟಿನ ವಿಮಾನ ನೋಡ್ಕೊಳ್ಳಿ, ಬೆಂಗಳೂರಿಂದ ದೆಹಲಿಗೆ ಆರಾಮಾಗಿ ಹೋಗಿ ಅಲ್ಲಿಂದ ಮುಂದೆ ಎಟಿಆರ್‌ಗೆ ಬಾಕ್ಸ್ ಹತ್ತದೆ ಕೂತ್ಕೊಂಡೋರು ಇದಾರೆ.

ಆಮೇಲೆ ತೂಕ. ಇಲ್ಲಿ ಡೊಮೆಸ್ಟಿಕ್ ಎಕಾನಮಿಯಲ್ಲಿ ಸಾಮಾನ್ಯವಾಗಿ 15 ಕೆ.ಜಿ. ಕೊಡ್ತಾರೆ, ಒಂದೇ ಬ್ಯಾಗು 32 ಕೆ.ಜಿ. ದಾಟಿದ್ರೆ ಎಷ್ಟೇ ದುಡ್ಡು ಕೊಟ್ರೂ ತಗೊಳ್ಳಲ್ಲ, ಅದು ಎತ್ತೋ ಕೆಲ್ಸಗಾರರ ಸೊಂಟ ಉಳಿಸೋಕೆ ಮಾಡಿರೋ ಮಿತಿ. ರೋಡ್ ಬೈಕ್ ಎಂಟೊಂಬತ್ತು ಕೆ.ಜಿ., ಹಾರ್ಡ್ ಕೇಸ್ ಹತ್ತು ಹನ್ನೆರಡು, ಹೆಲ್ಮೆಟ್ಟು ಶೂಸು ಪಂಪು ಸೇರಿದ್ರೆ 15 ಯಾವಾಗ್ಲೋ ದಾಟೋಯ್ತು. ಸೈಕಲ್ ಅಂಗಡಿಯೋರು ಹೊಸ ಸೈಕಲ್ ಬಂದ ರಟ್ಟಿನ ಬಾಕ್ಸ್ ಕೇಳಿದ್ರೆ ಕೊಡ್ತಾರೆ, ಅದು ಹಗುರ, ಡೊಮೆಸ್ಟಿಕ್‌ಗೆ ನಂಗೆ ಅದೇ ಇಷ್ಟ. ಎಕ್ಸ್‌ಟ್ರಾ ತೂಕ ಬೇಕಾದ್ರೆ ಆನ್‌ಲೈನ್‌ನಲ್ಲೇ ಮೊದ್ಲು ಕೊಂಡ್ಕೊಳ್ಳಿ, ಏರ್‌ಪೋರ್ಟ್‌ನಲ್ಲಿ ಕೆ.ಜಿ. ಲೆಕ್ಕದಲ್ಲಿ ಕಟ್ಟೋದು ಕಣ್ಣೀರು ಬರಿಸುತ್ತೆ.

ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಸ್ಪೋರ್ಟ್ಸ್ ಸಾಮಾನಿಗೆ ಬೇರೆ ಚಾರ್ಜ್ ಮಾಡೋಕೆ ನಮ್ಮಲ್ಲಿ ಏರ್‌ಲೈನ್‌ಗಳ ಮೇಲೆ ಕಣ್ಣಿಡೋ ಸರ್ಕಾರಿ ಸಂಸ್ಥೆ ಡಿಜಿಸಿಎನೇ ಬಿಟ್ಟಿದೆ, ಟಿಕೆಟ್ ರೇಟಿಂದ ಬೇರೆ ಮಾಡಿ ಮಾರ್ಬಹುದಾದ ಸೇವೆಗಳ ಪಟ್ಟಿಯಲ್ಲಿ ಸೀಟು, ಊಟದ ಜೊತೆ ಅದೂ ಇದೆ. ಹಾಗಾಗಿ "ಚಾರ್ಜ್ ಮಾಡೋದೇ ತಪ್ಪು" ಅಂತ ಜಗಳ ಆಡ್ಬೇಡಿ, ಸೋಲ್ತೀರ. ಆದ್ರೆ ಅದೇ ನಿಯಮ ಇನ್ನೊಂದೂ ಹೇಳುತ್ತೆ, ಇಂಥ ಸೇವೆ ಪ್ಯಾಸೆಂಜರ್ ತಾನಾಗೇ ಆರಿಸ್ಕೊಂಡ್ರೆ ಮಾತ್ರ, ಅವ್ರೇ ಟಿಕ್ ಹಾಕಿ ಕೊಡೋ ಹಾಗಿಲ್ಲ, ರೇಟನ್ನ ವೆಬ್‌ಸೈಟ್‌ನಲ್ಲಿ ಎಲ್ಲಾರಿಗೂ ಕಾಣೋ ಹಾಗೆ ಹಾಕಿರ್ಬೇಕು. ನಿಮ್ಮ ಹಿಡಿತ ಇರೋದು ಇಲ್ಲೇ. ಬುಕ್ ಮಾಡಿದ ದಿನ ಆ ಸ್ಪೋರ್ಟ್ಸ್ ಎಕ್ವಿಪ್‌ಮೆಂಟ್ ಪೇಜಿನ ಸ್ಕ್ರೀನ್‌ಶಾಟ್ ತಗೊಳ್ಳಿ, ತಾರೀಖು ಕಾಣೋ ಹಾಗೆ, ಮೇಲಿಂದ ಕೆಳಗಿನ ತನಕ. ಆ ಪೇಜು ಹೊರಡೋ ದಿನದ ತನಕ ಹಾಗೇ ಇರುತ್ತೆ ಅಂತ ಯಾರೂ ಬರ್ಕೊಟ್ಟಿಲ್ಲ.

ಕಾಲ್ ಸೆಂಟರ್‌ಗೆ ಫೋನ್ ಮಾಡಿ "ಆಯ್ತು ಸರ್, ನೋ ಪ್ರಾಬ್ಲಮ್" ಅನ್ನಿಸ್ಕೊಂಡು ಸುಮ್ಮನಾಗೋದು ದೊಡ್ಡ ಯಡವಟ್ಟು. ಕೌಂಟರ್‌ನಲ್ಲಿ ಆ ಮಾತಿಗೆ ಮೂರು ಕಾಸಿನ ಬೆಲೆ ಇಲ್ಲ. ಸಾಮಾನಿನ ಉದ್ದ ಅಗಲ ಎತ್ತರ ತೂಕ ಬರೆದು, ಪಿಎನ್‌ಆರ್ ಹಾಕಿ ಮೇಲ್ ಕಳ್ಸಿ, "ಈ ಬುಕಿಂಗ್‌ಗೆ ಸೇರ್ಸಿ ಕನ್ಫರ್ಮ್ ಮಾಡಿ" ಅಂತ ಕೇಳಿ, ಉತ್ತರ ಬರೋ ತನಕ ಬಿಡ್ಬೇಡಿ. ಪಿಎನ್‌ಆರ್ ಒಳಗೇ ಸೇರಿಸಿದ್ರೆ ಕೌಂಟರ್‌ನೋರ ಸ್ಕ್ರೀನ್ ಮೇಲೆ ಬರುತ್ತೆ, ಅರ್ಧ ಜಗಳ ಅಲ್ಲೇ ಮುಗೀತು.

ಹೊರದೇಶಕ್ಕೆ ಹೋಗೋರು ಪೂರ್ತಿ ಪ್ರಯಾಣನ ಒಂದೇ ಟಿಕೆಟ್‌ನಲ್ಲಿ ಮಾಡ್ಕೊಳ್ಳಿ. ಐನೂರೋ ಸಾವಿರನೋ ಉಳಿಸೋಕೆ ಅಂತ ಬೆಂಗಳೂರು-ಮುಂಬೈ ಒಂದು, ಮುಂಬೈಯಿಂದಾಚೆ ಇನ್ನೊಂದು ಅಂತ ಬಿಡಿಬಿಡಿಯಾಗಿ ತಗೊಂಡ್ರೆ ಮುಂಬೈನಲ್ಲಿ ಬಾಕ್ಸ್ ಎತ್ಕೊಂಡು ಮತ್ತೆ ಚೆಕ್‌ಇನ್ ಮಾಡಿ ಎರಡನೇ ಏರ್‌ಲೈನ್‌ಗೂ ಚಾರ್ಜ್ ಕಟ್ಬೇಕು, ಮೇಲಾಗಿ ಪರಿಹಾರದ ಲೆಕ್ಕದಲ್ಲೂ ಹೊಡೆತ ಬೀಳುತ್ತೆ, ಅದು ಯಾಕೆ ಅಂತ ಮುಂದೆ ಬರುತ್ತೆ.

ಪ್ಯಾಕಿಂಗ್ ಅಂದ್ರೆ ಸಾಕ್ಷಿ

"ಪ್ಯಾಕಿಂಗ್ ಸರಿ ಇರ್ಲಿಲ್ಲ" ಅನ್ನೋದು ಏರ್‌ಲೈನ್‌ನೋರ ಬ್ರಹ್ಮಾಸ್ತ್ರ. ಸಾಮಾನಿನದೇ ದೋಷದಿಂದ ಹಾಳಾಗಿದ್ರೆ ಅವ್ರ ಹೊಣೆ ಇಲ್ಲ ಅಂತ ಕಾನೂನಲ್ಲೇ ಇದೆ, ಅದಕ್ಕೆ ಈ ಪ್ಯಾಕಿಂಗ್ ಮಾತನ್ನೂ ಸೇರಿಸ್ಕೊಂಡು ಬರ್ತಾರೆ. ಹಾಗಾಗಿ ಪ್ಯಾಕ್ ಮಾಡೋವಾಗ ಒಂದೊಂದು ಹಂತಕ್ಕೂ ಫೋಟೋ ಹೊಡೀರಿ. ಸೈಕಲ್ಲಿಗೆ ಜಾಸ್ತಿ ಪೆಟ್ಟು ಬೀಳೋದು ಆರ್‌ಡಿ ಹ್ಯಾಂಗರ್‌ಗೆ, ಅಂದ್ರೆ ಹಿಂದಿನ ಗೇರ್ ಬದ್ಲಾಯಿಸೋ ಭಾಗ (ಅದೇ ಆರ್‌ಡಿ) ನೇತಾಡೋ ಕೊಂಡಿಗೆ, ಬಾಕ್ಸ್ ಬಲಗಡೆ ಬಿದ್ರೆ ಅದು ಒಳಕ್ಕೆ ಬಗ್ಗುತ್ತೆ. ಆರ್‌ಡಿ ಬಿಚ್ಚಿ, ಬಬಲ್ ರ‍್ಯಾಪ್ ಸುತ್ತಿ, ಚೈನ್‌ಸ್ಟೇ (ಪೆಡಲ್ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗೋ ಕೊಳವೆ) ಒಳಗಡೆ ಕಟ್ಟಿ. ಮುಂದಿನ ಚಕ್ರ ತೆಗೆದ ಮೇಲೆ ಫೋರ್ಕಿನ ಎರಡು ಕಾಲು ಮಧ್ಯೆ ಪ್ಲಾಸ್ಟಿಕ್ ಸ್ಪೇಸರ್ ಹಾಕಿ, ಅದೂ ಅಂಗಡಿಯಲ್ಲಿ ಹೊಸ ಸೈಕಲ್ ಜೊತೆ ಬಂದಿದ್ದು ಬಿಟ್ಟಿ ಸಿಗುತ್ತೆ. ಡಿಸ್ಕ್ ಬ್ರೇಕ್ ಇದ್ರೆ ರೋಟರ್ ಬಿಚ್ಚಿ ಬೇರೆ ಇಡಿ, ಬ್ರೇಕ್ ಪ್ಯಾಡ್ ಮಧ್ಯೆ ಒಂದು ತುಂಡು ರಟ್ಟು ಸಿಗ್ಸಿ. ಈ ಎಲ್ಲದರ ಫೋಟೋ, ಕೊನೆಗೆ ಮುಚ್ಚಿದ ಬಾಕ್ಸಿನ ಆರೂ ಮಗ್ಗಲಿನ ಫೋಟೋ, ತಕ್ಕಡಿ ಮೇಲಿಟ್ಟ ಫೋಟೋ. ಫ್ರೇಮ್ ಸೀರಿಯಲ್ ನಂಬರ್ ಬಾಟಮ್ ಬ್ರಾಕೆಟ್ ಕೆಳಗೆ, ಅಂದ್ರೆ ಪೆಡಲ್ ತಿರುಗೋ ಜಾಗದ ಅಡಿಯಲ್ಲಿ ಇರುತ್ತೆ, ಅದನ್ನೂ ತೆಗೀರಿ.

ಟೈರಿನ ಗಾಳಿ ಬಿಡ್ಸಿ ಅಂತಾರೆ. ಲಗೇಜ್ ಇಡೋ ಜಾಗದಲ್ಲೂ ಕ್ಯಾಬಿನ್ ಥರಾನೇ ಒತ್ತಡ ಇಟ್ಟಿರ್ತಾರೆ, ಟೈರು ಒಡೆಯೋ ಪ್ರಶ್ನೆನೇ ಇಲ್ಲ ಅಂತ ಫಿಸಿಕ್ಸ್ ಪಾಠ ಮಾಡೋಕೆ ಹೋಗ್ಬೇಡಿ, ಗಾಳಿ ಬಿಟ್ಬಿಡಿ, ಜಗಳಕ್ಕೆ ಇದಲ್ಲ ಜಾಗ.

ಬಾಕ್ಸ್ ಒಳಗೆ ಏನಿರ್ಬಾರ್ದು ಅನ್ನೋದೂ ಮುಖ್ಯ, ಯಾಕಂದ್ರೆ ಎಕ್ಸ್‌ರೇಯಲ್ಲಿ ಸಿಕ್ಕಿದ್ರೆ ಬಾಕ್ಸ್ ಅಲ್ಲೇ ನಿಲ್ಲುತ್ತೆ, ಆಮೇಲೆ ಏರ್‌ಲೈನ್ ಮೇಲೆ ತಪ್ಪು ಹೊರ್ಸೋಕೆ ಆಗಲ್ಲ. ಪವರ್ ಬ್ಯಾಂಕು, ಬಿಡಿ ಲಿಥಿಯಂ ಬ್ಯಾಟರಿ ಎಲ್ಲಾ ಕ್ಯಾಬಿನ್ ಬ್ಯಾಗಲ್ಲೇ. ಎಲೆಕ್ಟ್ರಾನಿಕ್ ಗೇರಿನ ಸ್ಪೇರ್ ಬ್ಯಾಟರಿನೂ ಅಷ್ಟೇ. ಇ-ಬೈಕ್ ಬ್ಯಾಟರಿ 160 ವ್ಯಾಟ್ ಅವರ್ ದಾಟಿದ್ರೆ ಪ್ಯಾಸೆಂಜರ್ ಲಗೇಜ್ ಆಗಿ ಹೋಗಲ್ಲ, ಬಹುತೇಕ ಎಲ್ಲಾ ಇ-ಬೈಕ್ ಬ್ಯಾಟರಿನೂ ಅದನ್ನ ದಾಟಿರುತ್ತೆ. ಪಂಕ್ಚರ್‌ಗೆ ಇಟ್ಕೊಳ್ಳೋ ಸಣ್ಣ ಸಿಒ2 ಸಿಲಿಂಡರ್‌ಗೆ ಏರ್‌ಲೈನ್ ಒಪ್ಪಿಗೆ ಬೇಕು, ಇಲ್ದಿದ್ರೆ ಬಿಟ್ಟು ಹೋಗಿ, ಕೈ ಪಂಪ್ ಸಾಕು. ಬ್ಯಾಟು, ಹಾಕಿ ಸ್ಟಿಕ್ಕು, ಗಾಲ್ಫ್ ಕ್ಲಬ್ಬು, ಬಿಲ್ಲು ಬಾಣ ಇವೆಲ್ಲ ಕ್ಯಾಬಿನ್‌ಗೆ ಬಿಡಲ್ಲ, ಚೆಕ್‌ಇನ್‌ಗೇ ಹಾಕ್ಬೇಕು. "ನನ್ನ ಲಕ್ಷ ರೂಪಾಯಿ ಬಿಲ್ಲು ಕೈಯಲ್ಲೇ ಹಿಡ್ಕೋತೀನಿ" ಅಂದ್ರೆ ಸೆಕ್ಯುರಿಟಿಯೋರು ಕೇಳೋ ಜನ ಅಲ್ಲ.

"ಫ್ರಜೈಲ್" ಸ್ಟಿಕ್ಕರ್ ಅಂಟ್ಸಿ ಬೇಕಾದ್ರೆ, ಆದ್ರೆ ಅದು ಲಾರಿ ಹಿಂದೆ "ಹಾರ್ನ್ ಓಕೆ ಪ್ಲೀಸ್" ಬರೆದ ಹಾಗೆ, ಓದೋರು ಯಾರೂ ಇಲ್ಲ.

ಕೌಂಟರ್ ಮುಂದೆ

ಡೊಮೆಸ್ಟಿಕ್‌ಗೆ ಬಹುತೇಕ ಏರ್‌ಲೈನ್‌ಗಳು 60 ನಿಮಿಷ ಮುಂಚೆ ಕೌಂಟರ್ ಮುಚ್ತಾರೆ. ನಿಮ್ಮ ಹತ್ರ ದೊಡ್ಡ ಬಾಕ್ಸ್ ಇದ್ರೆ ಮೂರು ಗಂಟೆ ಮುಂಚೆ ಇರಿ, ಹೆಬ್ಬಾಳದ ಟ್ರಾಫಿಕ್ ಬಿಟ್ಟು. ಟಿ1 ಇಂದನಾ ಟಿ2 ಇಂದನಾ ಅಂತ ನೋಡ್ಕೊಂಡು ಹೋಗಿ, ಬಾಕ್ಸ್ ಎಳ್ಕೊಂಡು ಟರ್ಮಿನಲ್ ಬದ್ಲಾಯಿಸೋ ಕರ್ಮ ಯಾರಿಗೂ ಬೇಡ. ವಾಯು ವಜ್ರ ಬಸ್ಸಲ್ಲಿ ಲಗೇಜ್ ಸ್ಟ್ಯಾಂಡ್ ಇದೆ ನಿಜ, ಸೂಟ್‌ಕೇಸಿಗೆ ಆಗುತ್ತೆ, ಸೈಕಲ್ ಬಾಕ್ಸಿಗೆ ದೊಡ್ಡ ಕ್ಯಾಬ್ ಮಾಡೋದೇ ಒಳ್ಳೇದು.

ಕೌಂಟರ್‌ನಲ್ಲಿ ಕೂತಿರೋರು ಎಷ್ಟೋ ಸಲ ಏರ್‌ಲೈನ್‌ನ ನೌಕರರೇ ಅಲ್ಲ, ಗ್ರೌಂಡ್ ಹ್ಯಾಂಡ್ಲಿಂಗ್ ಕಂಪನಿಯೋರು. ಅವ್ರಿಗೆ ಚಾರ್ಜ್ ಬಿಡೋ ಅಧಿಕಾರ ಇಲ್ಲ, ಅವ್ರ ಮೇಲೆ ಕೂಗಾಡಿ ಏನೂ ಸಿಗಲ್ಲ, ಪಾಪ ಬೆಳಗಿನ ಜಾವ ಮೂರಕ್ಕೆ ಶಿಫ್ಟ್‌ಗೆ ಬಂದಿರ್ತಾರೆ. ಮಾತು ಹೀಗಿರಲಿ:

"ಮೇಡಂ, ಇದು ಪಿಎನ್‌ಆರ್‌ನಲ್ಲಿ ಸೇರಿದೆ ನೋಡಿ, ಇದು ನಿಮ್ಮ ಕಂಪನಿ ಮೇಲು, ಇದು ದುಡ್ಡು ಕಟ್ಟಿದ ರಶೀದಿ."

"ಸರ್, ಸಿಸ್ಟಮ್‌ನಲ್ಲಿ ಓವರ್‌ಸೈಜ್ ತೋರಿಸ್ತಾ ಇದೆ, ಎಕ್ಸ್‌ಟ್ರಾ ಆಗುತ್ತೆ."

"ಪರ್ವಾಗಿಲ್ಲ ಮೇಡಂ, ಯಾವ ರೂಲ್ ಪ್ರಕಾರ ಎಷ್ಟು ಅಂತ ಬರ್ಕೊಡಿ, ಇಲ್ಲಾ ಡ್ಯೂಟಿ ಮ್ಯಾನೇಜರ್ ಕರೀರಿ, ಅವ್ರ ಹತ್ರ ಮಾತಾಡ್ತೀನಿ."

ಅಷ್ಟೇ. "ಬರ್ಕೊಡಿ" ಅಂದ ತಕ್ಷಣ ಅರ್ಧ ಜನಕ್ಕೆ ರೂಲ್ ನೆನಪಾಗುತ್ತೆ. ಮ್ಯಾನೇಜರ್ ಬಂದೂ ಒಪ್ಪದೇ ಹೋದ್ರೆ, ಹೊತ್ತಾಗ್ತಿದ್ರೆ, ದುಡ್ಡು ಕಟ್ಟಿ ಹತ್ಕೊಳ್ಳಿ. ಹೌದು, ಕಟ್ಟಿ. ಎರಡು ಸಾವಿರಕ್ಕೆ ಹಠ ಹಿಡಿದು ಇಪ್ಪತ್ತು ಸಾವಿರದ ಟಿಕೆಟ್ ಕಳ್ಕೊಳ್ಳೋದು ಜಾಣತನ ಅಲ್ಲ. ಆದ್ರೆ ಕಾರ್ಡ್‌ನಲ್ಲೇ ಕಟ್ಟಿ, ಕ್ಯಾಶ್ ಬೇಡ, ಯಾವ ಲೆಕ್ಕಕ್ಕೆ ತಗೊಂಡ್ರು ಅಂತ ರಶೀದಿಯಲ್ಲಿ ಇರ್ಲಿ, ಫ್ಲೈಟ್ ಹತ್ತೋಕೆ ಮುಂಚೆನೇ "ತಕರಾರು ಇಟ್ಕೊಂಡು ಕಟ್ಟಿದೀನಿ, ವಾಪಸ್ ಕೊಡಿ" ಅಂತ ಒಂದು ಮೇಲ್ ಹಾಕಿ. ಒಂದೇ ಸೇವೆಗೆ ಎರಡು ಸಲ ತಗೊಂಡಿದ್ರೆ ಎರಡು ರಶೀದಿ ಇಟ್ಟು ಬ್ಯಾಂಕಿಗೂ ಡಿಸ್ಪ್ಯೂಟ್ ಹಾಕ್ಬಹುದು.

ಇನ್ನು ಆ ಟ್ಯಾಗಿನ ಸಹಿ. ದೊಡ್ಡ ಬಾಕ್ಸ್ ಅಂದ ತಕ್ಷಣ ಲಿಮಿಟೆಡ್ ರಿಲೀಸ್ ಟ್ಯಾಗ್, ಅಂದ್ರೆ ಇಂತಿಂಥದ್ದಕ್ಕೆ ನಮ್ಮ ಹೊಣೆ ಇಲ್ಲ ಅನ್ನೋ ಚೀಟಿ ಒಂದು ಕೊಟ್ಟು ಸಹಿ ಹಾಕಿ ಅಂತಾರೆ. ಜನ ಹೆದರ್ಕೊಂಡು, ಸಹಿ ಹಾಕಿದ್ರೆ ಮುಗೀತು ಅಂದ್ಕೋತಾರೆ. ಹಾಗಲ್ಲ. ಇಂಟರ್‌ನ್ಯಾಷನಲ್ ಪ್ರಯಾಣದಲ್ಲಿ ಏರ್‌ಲೈನ್ ತನ್ನ ಹೊಣೆನ ಪೂರ್ತಿ ಕೈ ತೊಳ್ಕೊಳ್ಳೋ ಯಾವ ಷರತ್ತಿಗೂ ಬೆಲೆ ಇಲ್ಲ ಅಂತ ಮಾಂಟ್ರಿಯಲ್ ಒಪ್ಪಂದದ (ದೇಶದಿಂದ ದೇಶಕ್ಕೆ ಹಾರೋವಾಗ ಏರ್‌ಲೈನ್ ಹೊಣೆ ಏನು ಅಂತ ದೇಶಗಳು ಮಾಡ್ಕೊಂಡಿರೋ ಒಪ್ಪಂದ) 26ನೇ ಕಲಮೇ ಹೇಳುತ್ತೆ. ಆ ಟ್ಯಾಗ್ ಮೇಲೆ ಯಾವ ಬಾಕ್ಸ್‌ಗೆ ಟಿಕ್ ಹಾಕಿದಾರೆ ನೋಡಿ. "ಮೊದಲೇ ಡ್ಯಾಮೇಜ್ ಆಗಿತ್ತು" ಅಂತ ಟಿಕ್ ಇದ್ರೆ, ಆಗಿಲ್ದೇ ಇದ್ರೆ, ಹೊಡೆದು ಹಾಕ್ಸಿ ಆಮೇಲೆ ಸಹಿ ಹಾಕಿ. "ಪ್ಯಾಕಿಂಗ್ ಸಾಲದು" ಅಂತಿದ್ರೆ ಪಕ್ಕದಲ್ಲಿ ನಿಮ್ಮ ಕೈಬರಹದಲ್ಲಿ "ಹಾರ್ಡ್ ಕೇಸ್, ಒಳಗೆ ಫೋಮ್" ಅಂತ ಬರೀರಿ. ಒಂದು ಫೋಟೋ. ಮತ್ತೆ, ಬಾಕ್ಸೇ ಕಳೆದುಹೋದ್ರೆ ಆ ಪ್ಯಾಕಿಂಗ್ ಟಿಕ್ಕಿಗೆ ಅರ್ಥನೇ ಇಲ್ಲ, ಕಳೆಯೋದಕ್ಕೂ ಪ್ಯಾಕಿಂಗ್‌ಗೂ ಏನ್ ಸಂಬಂಧ.

ಸಾಮಾನು ಬಹಳ ದುಬಾರಿ ಇದ್ರೆ ಕೌಂಟರ್‌ನಲ್ಲೇ ಅದರ ಬೆಲೆ ಘೋಷಣೆ ಮಾಡಿ, ಅದಕ್ಕೊಂದು ಚಾರ್ಜ್ ಕಟ್ಟಿ, ಪರಿಹಾರದ ಮಿತಿ ಏರಿಸ್ಕೊಳ್ಳೋ ಅವಕಾಶ ಕಾನೂನಲ್ಲಿದೆ. ಮೇಲೆ ಹೇಳಿದ ಡಿಜಿಸಿಎ ಪಟ್ಟಿಯಲ್ಲೂ ಇದರ ಹೆಸರಿದೆ. ಕೇಳಿದ್ರೆ ಕೌಂಟರ್‌ನೋರು ಮುಖ ಮುಖ ನೋಡ್ಕೋತಾರೆ, ಅದಕ್ಕೇ ಎರಡು ದಿನ ಮುಂಚೆನೇ ಮೇಲ್‌ನಲ್ಲಿ ಕೇಳಿಟ್ಕೊಳ್ಳಿ.

ತಗೊಳ್ಳಲ್ಲ ಅಂದ್ರೆ? ಕಾರಣ ಬರಹದಲ್ಲಿ ಕೇಳಿ, ಕೊಡ್ಲಿಲ್ಲ ಅಂದ್ರೆ ಅವ್ರ ಮುಂದೆನೇ ಫೋನಿಂದ ಮೇಲ್ ಕಳ್ಸಿ, ಎಷ್ಟು ಗಂಟೆಗೆ ಯಾವ ಕೌಂಟರ್‌ನಲ್ಲಿ ಏನಂದ್ರು ಅಂತ. ಮುಂದಿನ ದೊಡ್ಡ ವಿಮಾನದಲ್ಲಿ ಕಳ್ಸಿ ಅನ್ನಿ, ಕಾರ್ಗೋದಲ್ಲಿ ಹಾಕ್ತೀರಾ ಕೇಳಿ. ಹೋಗ್ಲೇಬೇಕು ಅಂದ್ರೆ ಸಾಮಾನು ಮನೆಯೋರ ಕೈಲಿ ಕೊಟ್ಟು ಹೋಗಿ, ಅಲ್ಲಿ ಬಾಡಿಗೆಗೆ ತಗೊಂಡ ಸೈಕಲ್ಲಿನ ಬಿಲ್ ಇಟ್ಕೊಳ್ಳಿ, ಕನ್ಫರ್ಮ್ ಮಾಡಿದ ಮೇಲ್ ಕೈಯಲ್ಲಿದ್ರೆ ಆ ಬಿಲ್ಲು ನಾಳೆ ಕ್ಲೇಮಿಗೆ ಬರುತ್ತೆ.

ಇಳಿದ ಮೇಲೆ, ಹೊರಗೆ ಕಾಲಿಡೋಕೆ ಮುಂಚೆ

ಈ ಗೈಡಲ್ಲಿ ಒಂದೇ ಒಂದು ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಬಾಕ್ಸ್ ಬಂದ ತಕ್ಷಣ ಅಲ್ಲೇ ಬೆಲ್ಟ್ ಪಕ್ಕ ಬಿಚ್ಚಿ ನೋಡಿ. ಸುಸ್ತಾಗಿರುತ್ತೆ, ಕ್ಯಾಬ್‌ನೋನು ಫೋನ್ ಮಾಡ್ತಿರ್ತಾನೆ, ಟೇಪ್ ಮತ್ತೆ ಯಾರು ಹಚ್ಚೋದು ಅನ್ಸುತ್ತೆ, ಆದ್ರೂ ಬಿಚ್ಚಿ.

ನಮ್ಮ ಗುಂಪಿನ ಒಬ್ಬ ಹುಡುಗನ ಬಾಕ್ಸ್ ಹೊರಗಿಂದ ಚೆನ್ನಾಗೇ ಇತ್ತು. ಒಂದು ಮೂಲೆಯಲ್ಲಿ ರಟ್ಟು ಎರಡು ಬೆರಳಗಲ ಒಳಕ್ಕೆ ಹೋಗಿತ್ತು ಅಷ್ಟೇ. ಬಿಚ್ಚಿ ನೋಡಿದ್ರೆ ಅದೇ ಮೂಲೆಗೆ ಸರಿಯಾಗಿ ಸೀಟ್‌ಸ್ಟೇ (ಸೀಟ್ ಕೆಳಗಿಂದ ಹಿಂದಿನ ಚಕ್ರಕ್ಕೆ ಇಳಿಯೋ ಕೊಳವೆ) ಮೇಲೆ ಪೇಂಟು ಕಿತ್ತು, ಕೆಳಗೆ ಕೂದಲೆಳೆಯಷ್ಟು ಗೆರೆ. ಕಾರ್ಬನ್ ಫ್ರೇಮು. ನಾಣ್ಯ ತಗೊಂಡು ಮೆಲ್ಲಗೆ ತಟ್ತಾ ಬಂದ, ಬೇರೆ ಕಡೆ ಟಣ್ ಟಣ್ ಅಂತಿದ್ದಿದ್ದು ಆ ಗೆರೆ ಹತ್ರ ಡಬ್ ಅಂತು. ಬ್ಯಾಗೇಜ್ ಡೆಸ್ಕ್‌ನೋರು "ಔಟರ್ ಬಾಕ್ಸ್ ಸರಿಯಾಗಿದೆ ಸರ್, ಇದು ಗೀರು ಅಷ್ಟೇ" ಅಂದ್ರು. ಅವನು ವಾದಕ್ಕೆ ಹೋಗ್ಲಿಲ್ಲ, "ಗೀರು ಅಂತಾನೇ ಬರೀರಿ, ಆದ್ರೆ ಎಲ್ಲಿ, ಎಷ್ಟುದ್ದ ಅಂತ ಬರೀರಿ, ಬಾಕ್ಸ್ ಮೂಲೆ ಒಳಕ್ಕೆ ಹೋಗಿರೋದೂ ಬರೀರಿ" ಅಂದ. ಆಮೇಲೆ ಅಂಗಡಿಯೋರು ಫ್ರೇಮ್ ಓಡ್ಸೋ ಹಾಗಿಲ್ಲ ಅಂತ ಬರ್ಕೊಟ್ಟಾಗ ಆ ಒಂದು ಲೈನೇ ಅವನ ಕೇಸ್ ಉಳಿಸಿತು. ಮನೆಗೆ ಹೋಗಿ ಬಿಚ್ಚಿದ್ರೆ "ಕ್ಯಾಬಲ್ಲಿ ಆಗಿರ್ಬಹುದು ಸರ್" ಅನ್ನೋರು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ್ರೆ ಏನ್ ಬಂತು.

ಆ ಡೆಸ್ಕ್‌ನಲ್ಲಿ ಮಾಡಿಸ್ಬೇಕಾದ ಕಾಗದದ ಹೆಸರು ಪಿಐಆರ್, ಪ್ರಾಪರ್ಟಿ ಇರ‍್ರೆಗ್ಯುಲಾರಿಟಿ ರಿಪೋರ್ಟ್. ಅದರ ನಂಬರಿನಲ್ಲಿ ಊರಿನ ಮೂರಕ್ಷರ, ಬೆಂಗಳೂರಾದ್ರೆ ಬಿಎಲ್‌ಆರ್, ಆಮೇಲೆ ಏರ್‌ಲೈನ್ ಕೋಡಿನ ಎರಡಕ್ಷರ, ಆಮೇಲೆ ಐದಂಕಿ. ಬಾಕ್ಸೇ ಬರ್ದಿದ್ರೂ ಇದೇ ಕಾಗದ. ಬೋರ್ಡಿಂಗ್ ಪಾಸ್ ಹಿಂದೆ ಅಂಟಿಸಿದ ಟ್ಯಾಗ್ ಚೀಟಿ, ಅದರ ಹತ್ತಂಕಿ ನಂಬರು ಜೋಪಾನ, ಎಷ್ಟೋ ಜನ ಸೀಟ್ ಪಾಕೆಟ್‌ನಲ್ಲೇ ಬಿಟ್ಟು ಬರ್ತಾರೆ. ಎರಡು ಏರ್‌ಲೈನ್ ಒಂದೇ ಟಿಕೆಟ್‌ನಲ್ಲಿದ್ರೆ ಕೊನೆಗೆ ಇಳಿಸಿದ ಏರ್‌ಲೈನ್ ಡೆಸ್ಕ್‌ಗೆ ಹೋಗಿ. "ನಮ್ಮಲ್ಲಿ ಆಗಿದ್ದಲ್ಲ, ಅವ್ರನ್ನ ಕೇಳಿ" ಅಂತ ಇಬ್ರೂ ಕೈ ತೋರ್ಸ್ತಾರೆ, ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಲಗೇಜ್ ವಿಷಯಕ್ಕೆ ಮೊದಲನೇ ಏರ್‌ಲೈನ್ ಮೇಲೂ ಹೋಗ್ಬಹುದು, ಕೊನೇದರ ಮೇಲೂ ಹೋಗ್ಬಹುದು, ಎಲ್ಲಿ ಆಯ್ತೋ ಅವ್ರ ಮೇಲೂ ಹೋಗ್ಬಹುದು.

ಪಿಐಆರ್ ಮಾಡಿಸಿದ್ದೇ ಕ್ಲೇಮ್ ಹಾಕಿದ ಹಾಗೆ ಅಂದ್ಕೊಂಡು ಕೂತ್ಕೋಬೇಡಿ. ಕೆಟ್ಟಿದ್ರೆ ಬಾಕ್ಸ್ ಕೈಗೆ ಬಂದ 7 ದಿನದೊಳಗೆ, ತಡವಾಗಿ ಬಂದಿದ್ರೆ ಕೈಗೆ ಬಂದ ದಿನದಿಂದ 21 ದಿನದೊಳಗೆ ಬರಹದಲ್ಲಿ ದೂರು ಹೋಗ್ಬೇಕು. 21 ದಿನ ಆದ್ರೂ ಬರ್ಲಿಲ್ಲ ಅಂದ್ರೆ ಅದು ಕಳೆದುಹೋಯ್ತು ಅಂತಾನೇ ಲೆಕ್ಕ, "ಇನ್ನೂ ಹುಡುಕ್ತಾ ಇದೀವಿ" ಅನ್ನೋದನ್ನ ಕೇಳ್ಕೊಂಡು ಕೂರ್ಬೇಕಿಲ್ಲ. ಇದು ಇಂಟರ್‌ನ್ಯಾಷನಲ್ ಲೆಕ್ಕ, ಡೊಮೆಸ್ಟಿಕ್‌ನೋರು ಅಷ್ಟು ದಿನಾನೂ ಕಾಯದೆ ಅವತ್ತೇ ಕಳ್ಸಿಬಿಡಿ.

ಮೇಲ್‌ನಲ್ಲಿ ಕಥೆ ಬೇಡ. ಪಿಎನ್‌ಆರ್, ಟ್ಯಾಗ್ ನಂಬರು, ಪಿಐಆರ್ ನಂಬರು, ಫ್ಲೈಟ್ ತಾರೀಖು, ಏನ್ ಕೆಟ್ಟಿದೆ, ಎಷ್ಟು ದುಡ್ಡು, ಯಾವ ದಿನದೊಳಗೆ ಬೇಕು. ಜೊತೆಗೆ ಕೊಂಡ ಬಿಲ್ಲು, ಪ್ಯಾಕಿಂಗ್ ಫೋಟೋ, ಬೆಲ್ಟ್ ಪಕ್ಕದ ಫೋಟೋ, ಮತ್ತೆ ಅಂಗಡಿಯ ಲೆಟರ್‌ಹೆಡ್‌ನಲ್ಲಿ ಜಿಎಸ್‌ಟಿ ನಂಬರ್ ಸಮೇತ ಎಸ್ಟಿಮೇಟು. ಎಸ್ಟಿಮೇಟ್‌ನಲ್ಲಿ "ರಿಪೇರಿ ಆಗುತ್ತೆ, ಇಷ್ಟು" ಇಲ್ಲಾ "ರಿಪೇರಿ ಆಗಲ್ಲ, ಓಡಿಸೋದು ಅಪಾಯ" ಅಂತ ಎರಡರಲ್ಲಿ ಒಂದು ಸ್ಪಷ್ಟವಾಗಿ ಇರ್ಬೇಕು, ಸುಮ್ನೆ ಹೊಸ ಫ್ರೇಮಿನ ರೇಟ್ ಹಾಕಿದ್ರೆ ಬಿಸಾಕ್ತಾರೆ. ಹಳೇದಾಗಿದೆ ಅಂತ ಸವಕಳಿ ಕಡಿತ ಮಾಡೇ ಮಾಡ್ತಾರೆ, ಅದಕ್ಕೆ ತಯಾರಿರಿ, ಇತ್ತೀಚೆಗೆ ಪಾರ್ಟ್ಸ್ ಬದ್ಲಾಯಿಸಿದ್ರೆ ಆ ಬಿಲ್ಲುಗಳನ್ನೂ ಹಾಕಿ.

ಎಷ್ಟು ಸಿಗುತ್ತೆ

ಕಹಿ ಸುದ್ದಿ ಮೊದ್ಲು. ಡೊಮೆಸ್ಟಿಕ್‌ನಲ್ಲಿ ಚೆಕ್‌ಇನ್ ಲಗೇಜಿಗೆ ಏರ್‌ಲೈನ್ ಹೊಣೆ ಒಬ್ರಿಗೆ 20,000 ರೂಪಾಯಿ ತನಕ. ಮೂರು ಲಕ್ಷದ ಸೈಕಲ್ ಆದ್ರೂ ಅಷ್ಟೇ, ಮೇಲೆ ಹೇಳಿದ ಬೆಲೆ ಘೋಷಣೆ ಮಾಡ್ದಿದ್ರೆ. ಇದು ನ್ಯಾಯನಾ ಅಂದ್ರೆ ನಂಗಂತೂ ಅಲ್ಲ ಅನ್ಸುತ್ತೆ, ಆದ್ರೆ ಇರೋದು ಹೀಗೆ.

ಇಂಟರ್‌ನ್ಯಾಷನಲ್‌ಗೆ ಮಾಂಟ್ರಿಯಲ್ ಒಪ್ಪಂದ. ಭಾರತ ಅದಕ್ಕೆ 2009ರಲ್ಲಿ ಸೇರಿತು. ಅದರ ಮಿತಿ ಎಸ್‌ಡಿಆರ್ ಅನ್ನೋ ಐಎಂಎಫ್ ಲೆಕ್ಕದಲ್ಲಿ ಇರುತ್ತೆ, 2024ರ ಡಿಸೆಂಬರ್ 28ರಿಂದ 1,519 ಎಸ್‌ಡಿಆರ್, ಅದಕ್ಕೂ ಮುಂಚೆ 1,288 ಇತ್ತು. ರೂಪಾಯಿಯಲ್ಲಿ ಒಂದು ಮುಕ್ಕಾಲು ಲಕ್ಷದ ಆಸುಪಾಸು, ದಿನದ ರೇಟ್ ಮೇಲೆ ಹೆಚ್ಚುಕಮ್ಮಿ. ಹಳೇ ನಂಬರು ಹಾಕಿರೋ ಉತ್ತರ ಬಂದ್ರೆ ಒಪ್ಕೋಬೇಡಿ. ಇದು ಮಿತಿ, ಎಲ್ಲಾರಿಗೂ ಅಷ್ಟು ಕೊಡ್ತಾರೆ ಅಂತಲ್ಲ, ನಿಮ್ಮ ನಷ್ಟ ಎಷ್ಟು ಅಂತ ತೋರಿಸ್ಬೇಕು.

ಒಂದೇ ಟಿಕೆಟ್ ಮಾಡ್ಸಿ ಅಂದಿದ್ದು ಇದಕ್ಕೇ. ಬೆಂಗಳೂರು-ದೆಹಲಿ-ಫ್ರಾಂಕ್‌ಫರ್ಟ್ ಒಂದೇ ಟಿಕೆಟ್ ಆದ್ರೆ ದೆಹಲಿ ತನಕದ ತುಂಡೂ ಇಂಟರ್‌ನ್ಯಾಷನಲ್ ಪ್ರಯಾಣದ ಭಾಗನೇ, ದೊಡ್ಡ ಮಿತಿ ಅನ್ವಯ ಆಗುತ್ತೆ. ಬೇರೆ ಬೇರೆ ಟಿಕೆಟ್ ಆದ್ರೆ ದೆಹಲಿ ತನಕ ಮುರಿದಿದ್ದಕ್ಕೆ ಆ 20,000ದಲ್ಲೇ ಸಮಾಧಾನ ಪಟ್ಕೋಬೇಕು.

ಬಾಕ್ಸ್ ತಡವಾಗಿ ಬಂದು ಬಾಡಿಗೆ ಸೈಕಲ್ ತಗೊಂಡಿದ್ರೆ, ಶೂಸು ಹೆಲ್ಮೆಟ್ಟು ಕೊಂಡಿದ್ರೆ, ಅದನ್ನ ಕೇಳ್ಬಹುದು, ಮಿತಿಯೊಳಗೇ. ರೇಸ್ ಎಂಟ್ರಿ ಫೀಸ್ ಹೋಯ್ತು ಅನ್ನೋದನ್ನೂ ಹಾಕಿ, ಕೊಟ್ರೆ ಕೊಡ್ಲಿ. ದುಬಾರಿ ಸಾಮಾನಿನೋರು ಏರ್‌ಲೈನ್ ನೆಚ್ಕೊಳ್ಳದೆ ಸಾಮಾನಿಗೇ ಬೇರೆ ಇನ್ಶೂರೆನ್ಸ್ ಮಾಡ್ಸಿ, ಮಾಮೂಲಿ ಟ್ರಾವೆಲ್ ಪಾಲಿಸಿಯಲ್ಲಿ ಸ್ಪೋರ್ಟ್ಸ್ ಸಾಮಾನು ಹೊರಗಿಟ್ಟಿದಾರಾ ಅಂತ ಸಣ್ಣಕ್ಷರ ಓದಿ.

ಇಲ್ಲೇ ಒಂದು ಮಾತು. ಸೈಕಲ್ಲೋ ಬಿಲ್ಲೋ ವಿದೇಶಕ್ಕೆ ತಗೊಂಡು ಹೋಗೋವಾಗ ಇಲ್ಲಿ ಕಸ್ಟಮ್ಸ್ ಹತ್ರ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸ್ಕೊಳ್ಳಿ, ಸೀರಿಯಲ್ ನಂಬರ್ ಸಮೇತ. ವಾಪಸ್ ಬರೋವಾಗ "ಅಲ್ಲಿ ಕೊಂಡಿದ್ದಾ, ಡ್ಯೂಟಿ ಕಟ್ಟಿ" ಅನ್ನೋ ಪ್ರಶ್ನೆಗೆ ಅದೇ ಉತ್ತರ. ಬಾಕ್ಸ್ ಚೆಕ್‌ಇನ್‌ಗೆ ಹೋಗೋಕೆ ಮುಂಚೆ ತೋರಿಸ್ಬೇಕು, ಹೋದ್ಮೇಲೆ ಏನನ್ನ ತೋರಿಸ್ತೀರ.

ಮೇಲ್‌ಗೆ ಬಗ್ಗದಿದ್ರೆ

ಕಸ್ಟಮರ್ ಕೇರ್ ಉತ್ತರ ಹೊಟ್ಟೆ ತುಂಬಿಸ್ಲಿಲ್ಲ ಅಂದ್ರೆ ಏರ್‌ಲೈನ್ ವೆಬ್‌ಸೈಟ್‌ನಲ್ಲಿ ನೋಡಲ್ ಆಫೀಸರ್, ಅಪಿಲೇಟ್ ಅಥಾರಿಟಿ ಅಂತ ಹೆಸರು ಹಾಕಿರ್ತಾರೆ, ಅದೇ ಮೇಲ್ ಚೈನ್ ಮುಂದುವರಿಸಿ ಅವ್ರಿಗೆ. ಅಲ್ಲಿಂದ ಏರ್‌ಸೇವಾ, ಅದು ಕೇಂದ್ರದ ವಿಮಾನಯಾನ ಸಚಿವಾಲಯದ ದೂರಿನ ಪೋರ್ಟಲ್, ಆ್ಯಪೂ ಇದೆ. ಚಾರ್ಜ್ ವಾಪಸ್ಸು ಥರದ ಸಣ್ಣ ತಕರಾರಿಗೆ ಇದೇ ಸಾಕಾಗೋದು ನೋಡಿದೀನಿ, ಮೂರು ವಾರ ಮೌನವಾಗಿದ್ದೋರು ಇದ್ದಕ್ಕಿದ್ದ ಹಾಗೆ ಫೋನ್ ಮಾಡ್ತಾರೆ. ಜೊತೆಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಡ್ಯಾಮೇಜ್ ಕೇಸಿಗೆ ಇವೆರಡ್ರಿಂದ ನಂಗೆ ಜಾಸ್ತಿ ನಿರೀಕ್ಷೆ ಇಲ್ಲ, ಆದ್ರೂ ಹಾಕಿ, ಪ್ರಯತ್ನ ಮಾಡಿದ್ರಿ ಅನ್ನೋ ದಾಖಲೆ ಆಗುತ್ತೆ.

ಆಮೇಲೆ ಎರಡು ದಾರಿ. ಜನಕ್ಕೆ ಅಷ್ಟಾಗಿ ಗೊತ್ತಿಲ್ದೇ ಇರೋದು ಖಾಯಂ ಲೋಕ ಅದಾಲತ್. ವಿಮಾನ ಸಾರಿಗೆ ಸಾರ್ವಜನಿಕ ಉಪಯುಕ್ತ ಸೇವೆಗಳ ಪಟ್ಟಿಯಲ್ಲಿ ಬರುತ್ತೆ, ಹಾಗಾಗಿ ಅಲ್ಲಿಗೆ ಹೋಗ್ಬಹುದು, ಫೀಸ್ ಇಲ್ಲ, ಒಂದು ಕೋಟಿ ತನಕದ ವ್ಯಾಜ್ಯ ತಗೋತಾರೆ. ಮೊದ್ಲು ರಾಜಿ ಮಾಡ್ಸೋಕೆ ನೋಡ್ತಾರೆ, ಆಗ್ಲಿಲ್ಲ ಅಂದ್ರೆ ಅವ್ರೇ ತೀರ್ಪು ಕೊಡ್ಬಹುದು. ಆದ್ರೆ ಅಲ್ಲಿಗೆ ಹೋದ್ಮೇಲೆ ಅದೇ ವಿಷಯಕ್ಕೆ ಬೇರೆ ಕೋರ್ಟಿಗೆ ಹೋಗೋ ಹಾಗಿಲ್ಲ, ತೀರ್ಪಿಗೆ ಅಪೀಲೂ ಇಲ್ಲ, ಯೋಚ್ನೆ ಮಾಡಿ ಹೋಗಿ.

ಇನ್ನೊಂದು ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆ ಬಂದ್ಮೇಲೆ ಅನುಕೂಲ ಏನಂದ್ರೆ ನೀವು ವಾಸ ಇರೋ ಊರಲ್ಲೇ ಹಾಕ್ಬಹುದು, ಏರ್‌ಲೈನ್ ಹೆಡ್ ಆಫೀಸ್ ಎಲ್ಲಿದ್ರೂ ಸರಿ. ಬೆಂಗಳೂರಲ್ಲಿ ಶಾಂತಿನಗರದ ಬಿಎಂಟಿಸಿ ಟಿಟಿಎಂಸಿ ಬಿಲ್ಡಿಂಗ್‌ನಲ್ಲಿ ಆಯೋಗದ ಪೀಠ ಇದೆ, ಆನ್‌ಲೈನ್‌ನಲ್ಲೂ ಫೈಲ್ ಮಾಡ್ಬಹುದು. ನೀವು ಕೊಟ್ಟ ದುಡ್ಡು 5 ಲಕ್ಷದೊಳಗೆ ಇದ್ರೆ ಫೀಸ್ ಇಲ್ಲ, ಲಾಯರ್ ಕಡ್ಡಾಯ ಅಲ್ಲ. ಘಟನೆ ಆದ 2 ವರ್ಷದೊಳಗೆ ಹಾಕ್ಬೇಕು, ಮಾಂಟ್ರಿಯಲ್‌ನಲ್ಲೂ 2 ವರ್ಷನೇ. ವಿದೇಶಿ ಏರ್‌ಲೈನ್ "ನಮ್ಮ ದೇಶಕ್ಕೆ ಬಂದು ಕೇಸ್ ಹಾಕಿ" ಅಂದ್ರೆ ಹೆದರ್ಬೇಡಿ, ಪ್ರಯಾಣದ ಕೊನೇ ಊರಲ್ಲಿ ಹಾಕೋ ಹಕ್ಕು ಒಪ್ಪಂದದಲ್ಲೇ ಇದೆ, ಬೆಂಗಳೂರಿಂದ ಹೋಗಿಬರೋ ರಿಟರ್ನ್ ಟಿಕೆಟ್‌ಗೆ ಕೊನೇ ಊರು ಬೆಂಗಳೂರೇ. ಕಾಯ್ದೆಯಲ್ಲಿ ತಿಂಗಳುಗಳ ಲೆಕ್ಕ ಬರೆದಿದ್ರೂ ವಾಯಿದೆ ಮೇಲೆ ವಾಯಿದೆ ಬೀಳುತ್ತೆ, ಚಪ್ಪಲಿ ಸವೆಸೋಕೆ ತಯಾರಿದ್ರೆ ಮಾತ್ರ ಹೋಗಿ. ಎರಡು ಸಾವಿರದ ಚಾರ್ಜಿಗೆ ನಾನಂತೂ ಹೋಗಲ್ಲ, ಒಡೆದ ಫ್ರೇಮಿಗೆ ಹೋಗ್ತೀನಿ.

ನೋಟಿಸ್ ಹೋದ್ಮೇಲೆ ಸುಮಾರು ಸಲ ಏರ್‌ಲೈನ್ ಕಡೆಯಿಂದ ಒಂದು ಆಫರ್ ಬರುತ್ತೆ, ಹೆಚ್ಚಾಗಿ ವೋಚರು, ಇಷ್ಟು ತಿಂಗಳಲ್ಲಿ ನಮ್ಮ ಟಿಕೆಟ್‌ಗೇ ಬಳಸ್ಬೇಕು ಅಂತ. ವೋಚರ್ ಬೇಡ, ಅಕೌಂಟಿಗೆ ಹಾಕಿ ಅಂತ ಕೇಳೋಕೆ ನಾಚ್ಕೋಬೇಡಿ, ವೋಚರ್ ತೋರಿಸಿದ್ರೆ ಸೈಕಲ್ ಅಂಗಡಿಯೋರು ಫ್ರೇಮ್ ಕೊಡಲ್ಲ. ಜೊತೆಗೆ ಒಂದು ಫಾರ್ಮ್ ಕಳ್ಸಿರ್ತಾರೆ, "ಪೂರ್ಣ ಮತ್ತು ಅಂತಿಮ ಇತ್ಯರ್ಥ" ಅಂತ ಅದರಲ್ಲಿ ಒಂದು ಲೈನ್ ಇರುತ್ತೆ. ಬಾಕ್ಸ್ ಚಾರ್ಜ್ ವಾಪಸ್ಸಿಗೆ ಮಾತ್ರ ಕೊಡ್ತಿದ್ರೆ, ಡ್ಯಾಮೇಜ್ ಕ್ಲೇಮ್ ಇನ್ನೂ ಬಾಕಿ ಇದ್ರೆ, ಆ ಲೈನ್ ಹೊಡೆದು "ಚಾರ್ಜ್ ವಾಪಸ್ಸಿಗೆ ಮಾತ್ರ" ಅಂತ ಬರೆದು ಸಹಿ ಹಾಕಿ, ಒಂದು ಕಾಪಿ ನಿಮ್ಮ ಹತ್ರ ಇಟ್ಕೊಂಡು ಕಳ್ಸಿ.